ಅಪ್ಪನ ಕೀರ್ದಿ ವಹಿಯೊಳಗ ಎಲ್ಲಾ ಬರದಿತ್ರಿ

(ಓದುಗರ ಪ್ರಶ್ನೆ, ಸಿಸ್ಟರ್ ಅಕ್ಕನ ಉತ್ತರ)

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾನು ಗದಗಿನಾಕಿ, ಹೆಸರು ಹಾಕಬ್ಯಾಡ್ರಿ. ನಮ್ಮಪ್ಪಗ ಈಗ 77. ಎಪಿಎಂಸಿಯೊಳಗ ಒಂದ ದಲಾಲಿ ಅಂಗಡ್ಯಾಗ 40 ವರ್ಷ ದಿವಾಣಜಿ ಆಗಿದ್ರು, ಶೇಂಗಾ ಹೆಸರು ಒಣಮೆಣಸಿನಕಾಯಿ ಯಾವದ ಮಾಲು ಬರಲಿ ಲೆಕ್ಕಾ ಅವರ ಕೈಯಾಗಿಂದನ ಆಗಬೇಕಿತ್ತು. 2018ರಾಗ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿರೋ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾಗಿ ಹುಬ್ಬಳ್ಳ್ಯಾಗ ರೇಡಿಯೇಶನ್ ಆತು, ಎರಡು ವರ್ಷ ಇಂಜೆಕ್ಷನ್ ಆತು, ಆಮ್ಯಾಲ ಆರಾಮ ಇದ್ರು, ನಾವೂ ಮರ್ತ ಬಿಟ್ಟಿದ್ವಿ. ಈ ವರ್ಷ ಟೊಂಕ ನೋವು ಅಂದ್ರು. ಪ್ರಾಸ್ಟೇಟಿನ ರಕ್ತ ಟೆಸ್ಟು, ಪಿಎಸ್ಎ ಅಂತಾರಲ್ಲ, ಅದು 2.9 ಬಂತು, ಸ್ಕ್ಯಾನ್ ಮಾಡ್ಸಿದ್ರ ಟೊಂಕದ ಎಲುಬಿನ್ಯಾಗ ಎರಡು ಕಡೆ, ಬೆನ್ನೆಲುಬಿನ ಕೆಳಗ ಒಂದು ಕಡೆ ಹೊಳ್ಳಿ ಬಂದೈತಿ ಅಂದ್ರು.

ಬೆಂಗಳೂರಾಗ ಇರೋ ಅಣ್ಣ ಫೋನಿನ್ಯಾಗ ಡಾಕ್ಟರಿಗೆ ಹೇಳಿ, ಅಪ್ಪಗ ಗೊತ್ತಾಗೋದು ಬ್ಯಾಡ, ವಯಸ್ಸಾಗೇತಿ, ಧೈರ್ಯ ಕಳ್ಕೊಂತಾರ ಅಂತ ನಿರ್ಧಾರ ಮಾಡಿಬಿಟ್ಟ. ನಾವು ಅಪ್ಪಗ ಎಲುಬಿನ ಸವಕಳಿ ಅಂತ ಹೇಳಿದ್ವಿ. ಅಪ್ಪ "ಹೌದೇನು" ಅಂದು ಚಹಾ ಕುಡದ್ರು ಅಷ್ಟ.

ಹೋದ ವಾರ ರೇಶನ್ ಕಾರ್ಡ್ ಹುಡುಕಾಕ ಅವರ ಟ್ರಂಕ್ ತಗದೆ. ಅದರಾಗ ಕೆಂಪು ಬಟ್ಟಿ ರಟ್ಟಿನ ಉದ್ದನ ಕೀರ್ದಿ ವಹಿ ಇತ್ತು. ಮ್ಯಾಲ ಶ್ರೀ ಅಂತ ಬರದು, ಕೆಳಗ 2018ರಿಂದ ಆದ ಪ್ರತಿಯೊಂದು ಟೆಸ್ಟಿನ ತಾರೀಖು, ಪಿಎಸ್ಎ, ಆಸ್ಪತ್ರಿ ಖರ್ಚು, ಬಸ್ ಚಾರ್ಜು, ಯಾರು ಜೋಡಿ ಬಂದಿದ್ರು ಅನ್ನೋದು ಸೈತ. 0.3, 0.3, 0.6, 1.1, 1.8, ಕಡೀಕ 2.9. ಅದರ ಬಾಜೂಕ ಬರದಾರ, "ಹೊಳ್ಳಿ ಬಂತು. ಹುಡುಗರು ಸವಕಳಿ ಅಂತಾರ. ಅನ್ಲಿ."

ಅಕ್ಕಾರ, ನಾನು ಟ್ರಂಕಿನ ಮುಂದ ಕುಂತು ಅತ್ತಬಿಟ್ಟೆ. ಅವರು ನೋಡಿದ್ರ ದಿನಾ ಬೆಳಿಗ್ಗೆ ಭೀಷ್ಮ ಕೆರಿ ತನಕ ವಾಕಿಂಗ್ ಹೋಗ್ತಾರ, ಓಣಿ ಗುಡಿ ಕಮಿಟಿ ಲೆಕ್ಕಾ ಬರೀತಾರ. ಬಾಜೂ ಮನಿ ಅಜ್ಜಾರು ಸಮಾಧಾನ ಮಾಡಾಕ ಬಂದು "ಶರಣರಿಗೆ ಮರಣವೇ ಮಹಾನವಮಿ" ಅಂದ್ರ, "ಹೌದ್ರಿ, ಆದ್ರ ಈ ವರ್ಷದ ಮಹಾನವಮಿಗೆ ಇನ್ನೂ ಟೈಮ್ ಐತಿ, ಪಟ್ಟಿ ನಾನ ಎತ್ತಬೇಕು" ಅಂದ್ರು. ಇದು ಖರೇನ ಧೈರ್ಯನೋ, ನಮ್ಮ ಸಲುವಾಗಿ ಮಾಡೋ ನಾಟಕನೋ ತಿಳೀವಲ್ದು. ನೋವು ಕೇಳಿದ್ರ ಏನಿಲ್ಲ ಅಂತಾರ. ಅಣ್ಣ ಬೆಂಗಳೂರಿಗೆ ಕರ್ಕೊಂಬಾ ಅಂತಾನ, ಅಪ್ಪ ಒಲ್ಲೆ ಅಂತಾರ. ನಮಗ ಗೊತ್ತೈತಿ ಅಂತ ಅವರಿಗೆ ಹೇಳ್ಬೇಕೋ ಬ್ಯಾಡೋ? ಮುಂದ ಏನ್ ಮಾಡ್ಬೇಕು?

ಉತ್ತರ: ತಂಗಿ, ನಿನ್ನ ಪತ್ರ ಓದಿ ನಾನೂ ಒಂದು ಗಳಿಗಿ ಸುಮ್ಮನ ಕುಂತೆ, ಆಮ್ಯಾಲ ಆ "ಅನ್ಲಿ" ಅನ್ನೋ ಶಬ್ದಕ್ಕ ನಕ್ಕೆ. 31 ವರ್ಷ ವಾರ್ಡಿನ್ಯಾಗ ನರ್ಸ್ ಆಗಿ ಇಂಥಾ ಎಷ್ಟೋ ಮನಿತನ ನೋಡೀನಿ, ಮಕ್ಕಳು ಹೊರಗ ಕಾರಿಡಾರಿನ್ಯಾಗ ಗುಸುಗುಸು, ಒಳಗ ಮುದುಕರು ಕಣ್ಣು ಮುಚ್ಕೊಂಡು ಎಲ್ಲಾ ಕೇಳಿಸ್ಕೊಂತ ಮಲಗಿರೋದು. ನಾನು ಡಾಕ್ಟರ್ ಅಲ್ಲ, ಔಷಧದ ಮಾತು ಏನ ಇದ್ರೂ ನಿಮ್ಮ ಡಾಕ್ಟರ್ ಹೇಳಿದ್ದ ಕೊನಿ. ಆದ್ರ ಕೇಳೀಯಲ್ಲ, ಹೇಳ್ತೀನಿ.

ಹೇಳಬೇಕೋ ಬ್ಯಾಡೋ ಅನ್ನೋದು ಈಗ ಪ್ರಶ್ನೆನ ಅಲ್ಲ. ಅವರು ನಿಮಗಿಂತ ಮೊದಲ ಬರದಿಟ್ಟಾರ. ಅದಕ್ಕಂತ ಅಣ್ಣನ್ನ ಕರಸಿ, ಎಲ್ಲಾರೂ ಸುತ್ತ ಕುಂತು, ಗಂಟಲು ಕಟ್ಟಿ "ಅಪ್ಪಾ ನಿನಗೊಂದು ವಿಷಯ" ಅನ್ನೋ ಕಾರ್ಯಕ್ರಮ ಮಾಡಬ್ಯಾಡ್ರಿ, ಪಾಪ ಆಮ್ಯಾಲ ನಿಮ್ಮನ್ನ ಸಮಾಧಾನ ಮಾಡೋದು ಅವರ ತಲಿಗೆ ಬರ್ತದ. ಚಹಾ ಕೊಡೋವಾಗ "ಅಪ್ಪಾ, ಈ ಸಲದ ಪಿಎಸ್ಎ ವಹಿಯೊಳಗ ಏರ್ಸಿಯೇನು?" ಅಂತ ಕೇಳು, ಸಾಕು. ದಿವಾಣಜಿ ಮನಶಾ, ಲೆಕ್ಕಾ ಕೇಳಿದ್ರ ತೋರಸ್ತಾರ.

ಆದ್ರ ಆ ಸವಕಳಿ ಸುಳ್ಳು ಮಾತ್ರ ಇವತ್ತ ನಿಲ್ಲಿಸ್ರಿ, ಬರೇ ಸತ್ಯ ಹೇಳಬೇಕು ಅನ್ನೋ ಕಾರಣಕ್ಕ ಅಲ್ಲ. ನಮ್ಮ ಕಡೆ ಎಲುಬು ಸವದೈತಿ ಅಂದ್ರ ಮಂದಿ ಏನ್ ಮಾಡ್ತಾರ ಗೊತ್ತೈತಲ್ಲ, ಎಣ್ಣಿ ಹಚ್ಚಿ ತಿಕ್ಕಸ್ತಾರ, ಯಾರೋ ಹಳ್ಳ್ಯಾಗ ನರ ಎಳದು ಕೂಡಸ್ತಾರ ಅಂತ ಕರ್ಕೊಂಡು ಹೋಗ್ತಾರ, ಬೆನ್ನ ಮ್ಯಾಲ ಮೊಣಕಾಲು ಊರಿ ಲಟಕ್ ಅನಸ್ತಾರ. ಕ್ಯಾನ್ಸರ್ ಕುಂತ ಎಲುಬು ಹಂಗ ಮಾಡಿದ್ರ ಮುರೀಬಹುದು. ಮನಿಗೆ ಬಂದು ಹೋಗೋ ಬೀಗರಿಗೂ ಸಹ ಇದು ಗೊತ್ತಿರಬೇಕು, ಇಲ್ಲಾಂದ್ರ ಯಾರೋ ಒಬ್ಬರು ಪ್ರೀತಿಯಿಂದನ ತಿಕ್ಕಿಬಿಡ್ತಾರ.

ಈಗ ನಿಮ್ಮಪ್ಪನ ಕಾಲಮ್ಮು ನೋಡೋಣ. ರೇಡಿಯೇಶನ್ ಆದ ಮ್ಯಾಲ ಪಿಎಸ್ಎ ಇಳದು ಇಳದು ಒಂದು ಕಡೆ ನಿಲ್ತದ, ಅವರಿಗೆ ಅದು 0.3. ಆ ತಳದ ಅಂಕಿಗೆ 2 ಕೂಡಿಸಿದಷ್ಟಾದ್ರ ಹೊಳ್ಳಿ ಬಂದೈತಿ ಅಂತ ಡಾಕ್ಟರು ಲೆಕ್ಕ ಹಿಡೀತಾರ, ಅಂದ್ರ 2.3. ಅವರದು 2.9. ನಡುವ 0.6, 1.1 ಬಂದಾಗ ಯಾರೂ ಗಾಬರಿ ಆಗಲಿಲ್ಲ ಅಂತ ಈಗ ನೀ ಮನಸಿಗೆ ಹಚ್ಕೋಬ್ಯಾಡ. ಎಲುಬಿನ್ಯಾಗ ಕಂಡದ್ದಕ್ಕ ಎಲುಬಿನ ಕ್ಯಾನ್ಸರ್ ಅಂತ ಓಣ್ಯಾಗ ಹೇಳಬ್ಯಾಡ್ರಿ, ಅದು ಪ್ರಾಸ್ಟೇಟಿಂದ ಹೋಗಿ ಅಲ್ಲಿ ಕುಂತದ್ದು, ಅದಕ್ಕ ಕೊಡೋದೂ ಪ್ರಾಸ್ಟೇಟಿನ ಔಷಧಾನ. ಪೂರಾ ಕಿತ್ತು ಹಾಕಾಕ ಆಗೋದು ಕಷ್ಟ ಖರೆ, ಆದ್ರ ಹಿಡದು ನಿಲ್ಲಸಾಕ ಬರ್ತದ, ಎಷ್ಟೋ ಮಂದೀಗೆ ವರ್ಷಗಟ್ಲೆ.

ಹೆಂಗಂದ್ರ, ಈ ಕ್ಯಾನ್ಸರಿಗೆ ಗಂಡಸರ ಹಾರ್ಮೋನ್ ಅನ್ನೋದು ಗೊಬ್ಬರ ಇದ್ದಂಗ. ಅದನ್ನ ನಿಲ್ಲಿಸಿದ್ರ ಬೆಳಿ ಒಣಗ್ತದ. ಇದನ್ನ 1941ರಾಗ ಅಮೆರಿಕಾದ ಚಾರ್ಲ್ಸ್ ಹಗಿನ್ಸ್ ಅನ್ನೋ ಡಾಕ್ಟರು ತೋರ್ಸಿದ್ರು, 1966ರಾಗ ನೊಬೆಲ್ ಬಂತು, ಇವತ್ತಿಗೂ ಅದ ದಾರಿ. ನಿಲ್ಲಸಾಕ ಎರಡು ಮಾರ್ಗ ಅದಾವ. ಒಂದು, ತಿಂಗಳಿಗೊಮ್ಮೆ ಇಲ್ಲಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ಇನ್ನೊಂದು, ವೃಷಣ ತಗಿಯೋ ಸಣ್ಣ ಆಪರೇಶನ್, ಒಮ್ಮೆ ಮಾಡಿದ್ರ ಮುಗೀತು, ಖರ್ಚೂ ಕಡಿಮಿ. ಎರಡರ ಗುಣಾನೂ ಹೆಚ್ಚೂಕಡಿಮಿ ಒಂದ. ಜೋಡಿ ಅಬಿರಾಟೆರೋನ್ ಅನ್ನೋ ಗುಳಿಗಿ ಬರೀಬಹುದು, ಅದನ್ನ ಖಾಲಿ ಹೊಟ್ಯಾಗ ತಗೋಬೇಕು, ಅದರ ಸಂಗಾಟ ಸ್ಟೆರಾಯ್ಡ್ ಗುಳಿಗಿ ತಪ್ಪಸಂಗಿಲ್ಲ, ಬಿಪಿ ಮತ್ತ ರಕ್ತದಾಗಿನ ಪೊಟ್ಯಾಶಿಯಂ ನೋಡಸ್ಕೊಂತ ಇರಬೇಕು. ರೊಟ್ಟಿ ಉಂಡು ಗುಳಿಗಿ ನುಂಗೋ ರೂಢಿ ನಮ್ಮ ಮುದುಕರದು, ಅದಕ್ಕ ಒತ್ತಿ ಹೇಳಾಕತ್ತೀನಿ.

ಇಂಜೆಕ್ಷನ್ ಆದ್ರ ಇನ್ನೊಂದು ಮಾತು. ಕೆಲವು ಇಂಜೆಕ್ಷನ್ನಿನ್ಯಾಗ ಮೊದಲ ವಾರ ಎರಡು ವಾರ ಹಾರ್ಮೋನ್ ಕಡಿಮಿ ಆಗೂ ಬದಲಿ ಏರ್ತದ, ನೋವೂ ಏರಬಹುದು. ಅದಕ್ಕ ಮೊದಲ ಒಂದಿಷ್ಟು ದಿನ ಗುಳಿಗಿ ಕೊಟ್ಟಿರ್ತಾರ. ಅಪ್ಪಗ ಬೆನ್ನೆಲುಬಿನ್ಯಾಗೂ ಐತಿ ಅಂದಮ್ಯಾಲ ಈ ಗುಳಿಗಿ ಬರದಾರೇನು ಅಂತ ಬಾಯಿಬಿಟ್ಟು ಕೇಳು.

ಆಪರೇಶನ್ನೋ ಇಂಜೆಕ್ಷನ್ನೋ ಅನ್ನೋ ಮಾತನ್ನ ಮಗಳಾಗಿ ನೀ ಅಪ್ಪನ ಮುಂದ ತಗಿಯೋದು ಕಷ್ಟ, ಅವರಿಗೆ ನಿನ್ನ ಮುಂದ ಉತ್ತರ ಕೊಡೋದು ಇನ್ನೂ ಕಷ್ಟ. ಇಲ್ಲಿ ಬೇಕು ನಿಮ್ಮಣ್ಣ. ಬೆಂಗಳೂರಿಗೆ ಕರ್ಕೊಂಬಾ ಅನ್ನೋ ಬದಲಿ ಅವನ ಎರಡು ದಿನ ರಜಾ ಹಾಕಿ ಬರಲಿ, ಅಪ್ಪನ ಬಾಜೂ ಓಪಿಡಿಯೊಳಗ ಕುಂಡ್ರಲಿ, ನೀ ಹೊರಗ ಇರು. ಗಂಡಸರು ಇಂಥಾದ್ರಾಗ ಭಾಳ ಮಾತಾಡಂಗಿಲ್ಲ, ಆದ್ರ ಡಾಕ್ಟರು ಕೇಳಿದಾಗ ಬಾಜೂಕ ಮಗ ಇದ್ದಾನ ಅಂದ್ರ ಒಂದು ಹ್ಞೂಂ ಇಲ್ಲಾ ಹ್ಞೂಂಹೂಂ ಆದ್ರೂ ಬರ್ತದ. ಮತ್ತ ಆ ಹ್ಞೂಂಹೂಂ ಬಂದ್ರ ಅದು ಲೆಕ್ಕಕ್ಕ ಹಿಡೀಬೇಕು, ಮಗ ಅಲ್ಲೇ ಕುಂತು "ಹಂಗಲ್ಲ ಅಪ್ಪಾ" ಅನ್ನಬಾರದು.

ಬೆಂಗಳೂರಿನ ಮಾತಿಗೆ ಬಂದ್ರ, ಸೆಕೆಂಡ್ ಒಪಿನಿಯನ್ ತಗೊಳ್ಳೋದು ತಪ್ಪಲ್ಲ. 1973ರಾಗ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿ ಐತಿ, ಬ್ಯಾರೆ ಆಸ್ಪತ್ರಿ ಅದಾವ. ಆದ್ರ ಅಲ್ಲಿ ಮೊದಲ ನೋಡೋದು ಬಯಾಪ್ಸಿ ತುಣುಕಿನ ಸ್ಲೈಡು, ಸ್ಕ್ಯಾನಿನ ಸಿಡಿ, ರಿಪೋರ್ಟು. ಫೈಲ್ ತಗೊಂಡು ಅಣ್ಣನ ಹೋಗಿ ಕೇಳಲಿ, ಅವರು ಪೇಶಂಟನ್ನ ನೋಡಲೇಬೇಕು ಅಂದ್ರ ಆಗ ಅಪ್ಪ ಹೊಂಡಲಿ. ಈ ಹಂತದಾಗ ಕೊಡೋ ಇಂಜೆಕ್ಷನ್ನು ಬೆಂಗಳೂರಾಗ ಒಂದು ನಮೂನಿ ಹುಬ್ಬಳ್ಳ್ಯಾಗ ಒಂದು ನಮೂನಿ ಇರಂಗಿಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿಗೆ ಗದಗಿಂದ ಬೆಳಿಗ್ಗೆ ಹೋಗಿ ಸಂಜೀಗೆ ಮನಿಗೆ ಬಂದು ಸ್ವಂತ ಹಾಸಿಗ್ಯಾಗ ಮಲಗೋದು 77 ವರ್ಷದವರಿಗೆ ಸಣ್ಣ ಮಾತಲ್ಲ. ಒಂದು ಕೆಲಸ ಮರೀಬ್ಯಾಡ, 2018ರ ರೇಡಿಯೇಶನ್ ಕಾಗದ, ಎಲ್ಲಿ ಎಷ್ಟು ಡೋಸ್ ಕೊಟ್ಟಾರ ಅನ್ನೋದು, ಆ ಟ್ರಂಕಿನ್ಯಾಗನ ಇರಬೇಕು. ಟೊಂಕದ ನೋವಿಗೆ ಮತ್ತೊಮ್ಮೆ ಒಂದು ದಿನದ ರೇಡಿಯೇಶನ್ ಕೊಡಬೇಕು ಅಂತ ಬಂದ್ರ ಮೊದಲ ಕೇಳೋದು ಅದನ್ನ.

ರೇಶನ್ ಕಾರ್ಡ್ ಹುಡುಕಿದಿ ಅಂದಿ, ಚಲೋ ಆತು. ಬಿಪಿಎಲ್ ಆದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್ ಆದ್ರ ಪ್ಯಾಕೇಜಿನ 30 ಪರ್ಸೆಂಟ್, ಅದಕ್ಕೂ 1.5 ಲಕ್ಷದ ಮಿತಿ. ರೈಲ್ವೆದಾಗ ಕ್ಯಾನ್ಸರ್ ಪೇಶಂಟಿಗೆ ಟ್ರೀಟ್ಮೆಂಟಿಗೆ ಹೋಗೋವಾಗ ಸ್ಲೀಪರ್ ಮತ್ತ ಥರ್ಡ್ ಎಸಿ ಟಿಕೆಟ್ ಪೂರಾ ಮಾಫಿ, ಜೋಡಿ ಹೋಗೋ ಒಬ್ಬರಿಗೆ 75 ಪರ್ಸೆಂಟ್, ಸೆಕೆಂಡ್ ಕ್ಲಾಸಿನ್ಯಾಗ ಇಬ್ಬರಿಗೂ 75. ಆಸ್ಪತ್ರಿಯವರ ಸಹಿ ಶಿಕ್ಕಾ ಇರೋ ಫಾರ್ಮ್ ಸ್ಟೇಶನ್ ಕೌಂಟರಿನ್ಯಾಗ ಕೊಡಬೇಕು. ಬಸ್ ಚಾರ್ಜು ಬರದಿಟ್ಟ ಮನಶಾಗ ಇದನ್ನ ಹೇಳು, ಖುಷಿ ಆಗ್ತಾರ.

ಇನ್ನ ಧೈರ್ಯದ ಮಾತು. ನೀ ಕೇಳಿದ್ದು ಇದು ಖರೇನೋ ನಾಟಕನೋ ಅಂತ. ಎರಡೂ ಇರಬಹುದು, ಒಂದ ದಿನದಾಗ. ಬೆಳಿಗ್ಗೆ ಕೆರಿ ತನಕ ನಡದು ಬರೋದು ನಾಟಕ ಅಲ್ಲ, ರಾತ್ರಿ ಹೊಳ್ಳಾಡಿ ಬೆಳಿಗ್ಗೆ "ಚಲೋ ನಿದ್ದಿ ಬಂತು" ಅನ್ನೋದು ನಾಟಕ ಇರಬಹುದು. ಅದಕ್ಕ "ಹೆಂಗದೀ ಅಪ್ಪಾ" ಅಂತ ಕೇಳಬ್ಯಾಡ, ಅದಕ್ಕ ಬರೋ ಉತ್ತರ ಒಂದ, ಆರಾಮ ಅದೀನಿ.

ವಾರ್ಡಿನ್ಯಾಗ ನವಲಗುಂದ ಕಡೀಯವರು ಒಬ್ಬ ಅಜ್ಜಾರು ಇದ್ರು, ಎರಡೂ ಕೈಯಿಂದ ಮಂಚದ ಕಂಬಿ ಹಿಡ್ಕೊಂಡಿರ್ತಿದ್ರು, ಬೆರಳ ಗಂಟು ಬೆಳ್ಳಗಾಗಿರ್ತಿದ್ವು. ನಾವು ಕಲ್ತಂಗ ಸೊನ್ನಿಯಿಂದ ಹತ್ತರೊಳಗ ನೋವು ಎಷ್ಟು ಅಂತ ಕೇಳಿದ್ರ "ಅಷ್ಟೇನಿಲ್ಲ ಯವ್ವಾ, ಎರಡೋ ಮೂರೋ ಹಾಕ್ಕೊ" ಅಂತಿದ್ರು, ಪರೀಕ್ಷಾ ಮಾರ್ಕ್ಸ್ ಕೊಟ್ಟಂಗ. ಒಂದಿನ ನನಗ ಏನು ತಿಳೀತೋ, "ಅಜ್ಜಾರ, ಹದಿನಾರಾಣಿಯೊಳಗ ಎಷ್ಟಾಣಿ ನೋವೈತ್ರಿ?" ಅಂದೆ. ಕಂಬಿ ಬಿಟ್ಟು ನನ್ನ ಮುಖ ನೋಡಿದ್ರು. "ಕೂತ್ರ ಆರಾಣಿ. ಮಗ್ಗಲಾದ್ರ ಹನ್ನೆರಡು. ರಾತ್ರಿ ಎರಡರ ಮ್ಯಾಲ ಪೂರಾ ರೂಪಾಯಿ." ಅವತ್ತ ಸಂಜೀಗೆ ಅವರ ಔಷಧ ಬದಲಾತು. ನಿಮ್ಮಪ್ಪಗೂ ಆಣಿ ಲೆಕ್ಕದಾಗ ಕೇಳು, ಅದೂ ಬೆಳಿಗ್ಗೆ ಬ್ಯಾರೆ ರಾತ್ರಿ ಬ್ಯಾರೆ.

ನೋವಿನ ಗುಳಿಗಿ ಮೆಡಿಕಲ್ ಅಂಗಡ್ಯಾಗ ಕೇಳಿ ತರಬ್ಯಾಡ್ರಿ, ಡಿಕ್ಲೋಫೆನಾಕ್ ಅಂಥಾವು ಈ ವಯಸ್ಸಿನ್ಯಾಗ ದಿನಾ ನುಂಗಿದ್ರ ಕಿಡ್ನಿಗೆ ಹೊಡೀತಾವು. ಮುಂದ ಎಂದರ ಮಾರ್ಫಿನ್ ಅಂದ್ರ ಅಲ್ಲಿಗೆ ಮುಗೀತು ಅಂತ ಎದಿ ಒಡ್ಕೋಬ್ಯಾಡ್ರಿ, ಅದು ಸಾಯೋರಿಗೆ ಕೊಡೋ ಔಷಧ ಅಲ್ಲ, ನೋವು ಇದ್ದವರಿಗೆ ಕೊಡೋದು. 2014ರಾಗ ಮಾದಕ ವಸ್ತು ಕಾಯ್ದೆ ತಿದ್ದುಪಡಿ ಆದಮ್ಯಾಲ ಮಾನ್ಯತೆ ಇರೋ ಆಸ್ಪತ್ರ್ಯಾಗ ಅದನ್ನ ಇಡೋದೂ ಮೊದಲಿನಷ್ಟು ತೊಡಕಿಲ್ಲ. ಮಲಬದ್ಧತೆ ಆಗ್ತದ, ಅದಕ್ಕ ಮೊದಲ ದಿನದಿಂದನ ಔಷಧ ಕೇಳಿ ಇಸ್ಕೋಬೇಕು.

ಇದೊಂದು ಮಾತ್ರ ಅಡಗಿಮನಿ ಗೋಡಿಗೆ ಬರದು ಹಚ್ಚು. ಬೆನ್ನುನೋವು ಒಮ್ಮೆಲೆ ಜಾಸ್ತಿ ಆತು, ಕಾಲು ಜೋಮು ಹಿಡೀತು, ನಡಿಯೋವಾಗ ಕಾಲು ಸೋಲಾಕತ್ವು, ಉಚ್ಚಿ ಸಂಡಾಸ ಕಟ್ತು ಇಲ್ಲಾ ತಿಳೀಲಾರದ ಆತು, ಇವುದರಾಗ ಯಾವದ ಆದ್ರೂ ನಾಳಿ ನೋಡೋಣ ಅನ್ನಂಗಿಲ್ಲ, ರವಿವಾರ ಇರಲಿ ಹಬ್ಬ ಇರಲಿ ಅವತ್ತ ಆಸ್ಪತ್ರಿಗೆ ಹೋಗಬೇಕು. ಬೆನ್ನ ಹುರಿ ಮ್ಯಾಲ ಒತ್ತಡ ಬಿದ್ದಿರ್ತದ, ತಡ ಆದ್ರ ಕಾಲು ಹೊಳ್ಳಿ ಬರೋದು ಕಷ್ಟ. ಇದನ್ನ ಅಪ್ಪಗೂ ಹೇಳಲೇಬೇಕು, ಯಾಕಂದ್ರ ಜೋಮು ಹಿಡದದ್ದು ಮೊದಲ ಗೊತ್ತಾಗೋದು ಅವರಿಗೆ.

ಇಂಜೆಕ್ಷನ್ ಶುರುವಾದ ಮ್ಯಾಲ ಮೈಯಾಗಿಂದ ಝಳ ಬಂದಂಗ ಆಗ್ತದ, ಸುಸ್ತು, ಮನಸು ಸಣ್ಣದಾಗೋದು, ಒಮ್ಮೊಮ್ಮೆ ಸುಮ್ಮಸುಮ್ಮನ ಕಣ್ಣಾಗ ನೀರು. ಆಗ ಮನ್ಯಾಗಿನವರು "ಹುಲಿ ಹಂಗ ಇದ್ರು, ಧೈರ್ಯ ಬಿಟ್ರು ನೋಡು" ಅಂತಾರ. ಧೈರ್ಯ ಎಲ್ಲೂ ಹೋಗಿರಂಗಿಲ್ಲ, ಅದು ಹಾರ್ಮೋನ್ ಇಳದದ್ದು. ನನಗ ಈ ಹುಲಿ ಅನ್ನೋ ಶಬ್ದನ ಸೇರಂಗಿಲ್ಲ, ಹುಲಿ ಅಂತ ಕರೆಸ್ಕೊಂಡವರಿಗೆ ಒಂದಿನ ಹೊದ್ಕೊಂಡು ಮಲಗಾಕೂ ಸಂಕೋಚ. ಒಂದಿನ ವಾಕಿಂಗ್ ಒಲ್ಲೆ ಅಂದ್ರ ಒಲ್ಲೆ, ಬಿಡು. ಮರುದಿನಾ ಹೊಂಡಸು, ಯಾಕಂದ್ರ ಎಲುಬಿಗೆ ಮತ್ತ ಮಾಂಸಖಂಡಕ್ಕ ನಡಿಯೋದು ಬೇಕು. ದಾರ್‍ಯಾಗ ಎಡವಬಾರದು ಅಷ್ಟ, ಬಚ್ಚಲದಾಗ ಹಿಡ್ಕೊಳ್ಳಾಕ ಒಂದು ಕಂಬಿ ಹಾಕ್ಸಿಬಿಡ್ರಿ. ಎಲುಬು ಗಟ್ಟಿ ಮಾಡೋ ಇಂಜೆಕ್ಷನ್ ಅಂತಂದ್ರ ಮೊದಲ ಹಲ್ಲಿನ ಡಾಕ್ಟರಿಗೆ ತೋರ್ಸಬೇಕು.

ಗುಡಿ ಕಮಿಟಿ ಲೆಕ್ಕಾ ಅವರ ಕೈಯಿಂದ ಕಸ್ಕೋಬ್ಯಾಡ್ರಿ, "ನಿಮಗ ತ್ರಾಸು ಆಗ್ತದ ನಾವು ಬರೀತೀವಿ" ಅಂತ ಯಾರರೆ ಬಂದ್ರ ನೀನ ಬಾಗಿಲದಾಗ ತಡಿ. ನಿನ್ನ ಅಳು ಬಗ್ಗೆ ಏನೂ ಹೇಳಂಗಿಲ್ಲ. ಟ್ರಂಕಿನ ಮುಂದ ಅಳಾಕ ಬಂತು, ಅತ್ತಿ.

ಪ್ರಶ್ನೆ (ಹಾವೇರಿಯಿಂದ): ನಮ್ಮ ಮಾವನವರಿಗೂ ಕ್ಯಾನ್ಸರ್ ಹೊಳ್ಳಿ ಬಂದೈತ್ರಿ. ನಾಕು ವರ್ಷದ ಮೊಮ್ಮಗ ಅವರ ತಾಟಿನ್ಯಾಗನ ಉಣ್ತಾನ. ಮಂದಿ ಬ್ಯಾಡ ಅಂತಾರ.

ಉತ್ತರ: ಉಣ್ಣಲಿ. ಕ್ಯಾನ್ಸರ್ ತಾಟಿನಿಂದ, ಮುದ್ದಿನಿಂದ, ಒಂದ ಹಾಸಿಗ್ಯಾಗ ಮಲಗೋದ್ರಿಂದ ಹತ್ತಂಗಿಲ್ಲ. ಕೀಮೋ ನಡದಿದ್ರ ಮಾತ್ರ ಹುಡುಗಗ ನೆಗಡಿ ಜ್ವರ ಇದ್ದಾಗ ದೂರ ಇಡ್ರಿ, ಅದು ಅಜ್ಜನ ಸಲುವಾಗಿ, ಹುಡುಗನ ಸಲುವಾಗಿ ಅಲ್ಲ.

ಪ್ರಶ್ನೆ (ಧಾರವಾಡದಿಂದ): ತಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. ನನಗ 46. ನಾನೂ ಪಿಎಸ್ಎ ಮಾಡಸ್ಬೇಕೇನ್ರಿ?

ಉತ್ತರ: ತಂದಿಗೆ ಇಲ್ಲಾ ಅಣ್ಣತಮ್ಮರಿಗೆ ಇದ್ರ ಉಳದವರಿಗಿಂತ ಸಾಧ್ಯತೆ ಜಾಸ್ತಿ, ಅದಕ್ಕ 45ರ ಸುಮಾರಿಗೆ ಡಾಕ್ಟರ ಜೋಡಿ ಮಾತಾಡೋದು ಚಲೋ. ಅಂಕಿ ಜಾಸ್ತಿ ಬಂತು ಅಂದ ಕೂಡಲೇ ಕ್ಯಾನ್ಸರ್ ಅಂತಲ್ಲ, ಬರೇ ಗ್ರಂಥಿ ಊದಿದ್ರೂ, ಮೂತ್ರದ ಸೋಂಕು ಇದ್ರೂ ಏರ್ತದ. ಹಿಂದಿನ ದಿನ ಸೈಕಲ್ ಹೊಡದು ಹೋಗಬ್ಯಾಡ್ರಿ.

ಪುಟ ಕಟ್ಟೂ ಹೊತ್ತಿಗೆ: ಗದಗಿನ ತಂಗಿಗೆ ಅಚ್ಚಾಗೂ ತನಕ ಕಾಯೋದು ಬ್ಯಾಡಂತ ಮೊದಲ ಉತ್ತರ ಕಳಸಿದ್ದೆ. ಆಕಿ ಬರದಾಳ: "ಅಕ್ಕಾರ, ಚಹಾ ಕೊಡೋವಾಗ ಕೇಳಿದೆ. ಕನ್ನಡಕ ತಗದು ನನ್ನ ನೋಡಿ, ಟ್ರಂಕ್ ತಗದೀಯೇನು, ಅಂದ್ರು. ಹೌದಂದೆ. ಕೀಲಿ ಹಾಕ್ಬೇಕಿತ್ತು ಅಂದ್ರು, ಇಬ್ಬರೂ ನಕ್ವಿ. ಆಣಿ ಲೆಕ್ಕದಾಗ ಕೇಳಿದ್ದಕ್ಕ ಹಗಲಿ ನಾಕಾಣಿ, ರಾತ್ರಿ ಹತ್ತಾಣಿ ಅಂದ್ರು, ಇಷ್ಟು ದಿನಾ ಹೇಳಿದ್ದಿಲ್ಲ. ಅಣ್ಣ ಶುಕ್ರವಾರ ಬಂದು ಅವರ ಜೋಡಿ ಹುಬ್ಬಳ್ಳಿಗೆ ಹೋಗಿ ಬಂದ, ಇಂಜೆಕ್ಷನ್ನು ಅಂತ ಆಗೇತಿ, ಆಪರೇಶನ್ ಒಲ್ಲೆ ಅಂದ್ರಂತ. ಈಗ ವಹಿಯೊಳಗ ನೋವಿಗೂ ಒಂದು ಕಾಲಮ್ಮು ಹೊಡದಾರ. ನಿನ್ನಿ ತಾರೀಖಿನ ಮುಂದ ಹಿಂಗೈತಿ: ಹಗಲಿ 3 ಆಣಿ, ರಾತ್ರಿ 5 ಆಣಿ. ರೈಲು ಮಾಫಿ. ಮಿರ್ಚಿ ಭಜಿ 2, ಮಗಳಿಗೆ ಹೇಳಿಲ್ಲ."